ಎತ್ತಲು ಬಿಡದ ಫೀಡರ್‌ಗಳು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗೌರಮ್ಮಕ್ಕ ಕೋಳಿಗಳ ಮೇವು ತುಂಬಿ ತೂಗುಹಾಕಿದ್ದ ಫೀಡರ್‌ಗಳನ್ನು ಮೇಲೆತ್ತಲು ಹಗ್ಗಕ್ಕೆ ಕೈ ಹಾಕಿದರು. ಬೇಡ ಎಂದವನು ನಾನು. ಮೂರು ವರ್ಷಗಳಿಂದ ಎಲ್ಲರಿಗೂ ಇದನ್ನು ತಿರುಗಿಸಿಯೇ ಹೇಳುತ್ತ ಬಂದಿದ್ದೇನೆ — ನಾನು ಎತ್ತಿ ಎಂದೆ, ಅವರು ಎತ್ತಲಿಲ್ಲ ಎಂದು. ಅದು ಸುಳ್ಳು.

ಆಗ ನಾನು ಶಿವಮೊಗ್ಗದ ಒಂದು ಕೋಳಿ ಕಂಪನಿಯ ಸೂಪರ್‌ವೈಸರ್. ಮರಿ, ಫೀಡು, ಔಷಧ ಕಂಪನಿಯದು. ಶೆಡ್ಡು, ದುಡಿತ ಸಾಕುವವರದು. ಗೌರಮ್ಮಕ್ಕನ ಶೆಡ್ಡು ಭದ್ರಾವತಿಯ ಹೊರಗೆ. ಬೇಸಿಗೆ ಬಂತೆಂದರೆ ಹತ್ತು ಗಂಟೆಗೆ ಫೀಡರ್‌ಗಳನ್ನು ಕೋಳಿಗೆ ಎಟುಕದಷ್ಟು ಮೇಲಕ್ಕೆಳೆದು, ಸಂಜೆ ತಂಪಾದ ಮೇಲೆ ಇಳಿಸುವುದು ಅವರ ರೂಢಿ. ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಒಳಗಿನ ಕಾವನ್ನು ಹೊರಹಾಕಬೇಕು. ತಿಂದದ್ದು ಅರಗುವಾಗ ಆ ಕಾವು ಇನ್ನೂ ಏರುತ್ತದೆ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕ ತೆಗೆದವನು. ಗೌರಮ್ಮಕ್ಕ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ — ಕೋಳಿಗಳನ್ನು ನೋಡಿ ತಿಳಿದಿದ್ದರು.

ನಾನು ಬೇಡ ಎಂದ ಆ ದಿನದ ಮರುದಿನ ಕೋಳಿ ಹಿಡಿದು ಒಯ್ಯಲು ಲಾರಿ ಬರುವುದಿತ್ತು. ತೂಕ ಕಡಿಮೆ ಬಂದರೆ ಮ್ಯಾನೇಜರ್ ಎಲ್ಲರೆದುರು ಹಂಗಿಸುತ್ತಿದ್ದರು. ಅಷ್ಟೇ. ಅಷ್ಟಕ್ಕೇ.

"ಇವತ್ತೊಂದಿನ ಇಳಿದೇ ಇರಲಿ ಅಕ್ಕ, ತಿನ್ಲಿ," ಎಂದೆ.

"ಗಾಳಿ ಒಂಚೂರೂ ಇಲ್ಲ ಸರ್. ಹೊಟ್ಟೆ ತುಂಬಿಸ್ಕೊಂಡು ಮಧ್ಯಾಹ್ನ ತಡೀತಾವಾ ಇವು?"

"ಓದಿರೋನು ನಾನೋ, ನೀವೋ?"

ಅವರು ಹಗ್ಗ ಬಿಟ್ಟರು.

ಎರಡು ಗಂಟೆಯ ಹೊತ್ತಿಗೆ ಶೆಡ್ಡಿನ ತುಂಬ ರೆಕ್ಕೆ ಅಗಲಿಸಿ, ಕತ್ತು ಚಾಚಿ ಏದುಸಿರು ಬಿಡುವ ಕೋಳಿಗಳು. ಒಂದನ್ನು ಹಿಡಿದು ಹಿಂಬದಿಗೆ ಥರ್ಮಾಮೀಟರ್ ಇಟ್ಟೆ. ನಲವತ್ತೊಂದರ ಆಸುಪಾಸು ಇರಬೇಕಾದದ್ದು ನಲವತ್ತನಾಲ್ಕು ದಾಟಿತ್ತು. ಇನ್ನೊಂದಕ್ಕೆ ಇಟ್ಟೆ. ಅಂಕಿ ಓದುವಷ್ಟರಲ್ಲಿ ಅದು ನನ್ನ ಕೈಯಲ್ಲೇ ಕತ್ತು ಚೆಲ್ಲಿತು. ಆಗ ಎತ್ತಿಸಿದೆ ಫೀಡರ್‌ಗಳನ್ನು — ತಿಂದದ್ದೆಲ್ಲ ಒಳಗೆ ಹೋದ ಮೇಲೆ! ಗೋಡೆಗೆ ಒತ್ತಿಕೊಂಡು ರಾಶಿಬಿದ್ದವುಗಳ ನಡುವೆ ಗೌರಮ್ಮಕ್ಕ ಒಂದೊಂದನ್ನೇ ಎಳೆದು ಬಕೆಟ್ಟಿನ ನೀರಲ್ಲಿ ಅದ್ದುತ್ತಿದ್ದರು. ಕಾವಿಗೆ ಮುಖ ಕೆಂಡವಾಗಿತ್ತು. ಅದ್ದಿದ್ದನ್ನೇ ಮತ್ತೆ ಅದ್ದುತ್ತಿದ್ದರು. ಬಕೆಟ್ಟಿನ ಮೇಲೇ ಬಾಗಿ ಬಿದ್ದಾಗ ತೋಳು ಹಿಡಿದು ಹೊರಗೆಳೆದೆ. ಇನ್ನೊಂದು ನಿಮಿಷ ತಡವಾಗಿದ್ದರೆ... ಆ ಒಂದು ನಿಮಿಷ ಇವತ್ತಿಗೂ ನನ್ನೊಳಗೆ ಮುಗಿದಿಲ್ಲ.

ಸಂಜೆ ಮ್ಯಾನೇಜರ್ ಬಂದರು. ಅರ್ಧಕ್ಕಿಂತ ಹೆಚ್ಚು ಕೋಳಿ ಸತ್ತಿದ್ದವು. "ಕುಕ್ಕರಿಗೆ ಹಾಕೋ ಮೊದಲೇ ಬೆಂದಿದಾವಲ್ಲೋ ಮಾರಾಯ," ಎಂದು ನಕ್ಕರು. ನಾನೂ ನಕ್ಕೆ. ಹೌದು, ನಕ್ಕೆ. ಆಮೇಲೆ ಅವರು ಕೇಳಿದರು, "ಸತ್ತವುಗಳ ಹೊಟ್ಟೆ ತುಂಬಿದೆಯಲ್ಲ, ಬೆಳಿಗ್ಗೆ ಫೀಡರ್ ಯಾಕೆ ಎತ್ತಿರಲಿಲ್ಲ?"

ನಾನು ಗೌರಮ್ಮಕ್ಕನ ಕಡೆ ತಿರುಗಿದೆ. "ಬೆಳಿಗ್ಗೆನೇ ಎತ್ತಿ ಅಂತ ಹೇಳಿರಲಿಲ್ವಾ ಅಕ್ಕ?"

ಒದ್ದೆ ಸೀರೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನೇ ನೋಡಿದರು. "ಹೇಳಿದ್ರೇನೋ ಸರ್... ತಲೆ ಓಡ್ತಿಲ್ಲ ನಂಗೆ."

ಕಂಪನಿಗೆ ಅಷ್ಟು ಸಾಕಿತ್ತು. ಮರಿ ಕೊಡುವುದನ್ನು ನಿಲ್ಲಿಸಿತು. ಬೇರೆ ಕಂಪನಿಯವರೂ ವಿಚಾರಿಸಿ ಹಿಂದೆ ಸರಿದರು. ಆ ಶೆಡ್ಡು ಮೂರು ಬೇಸಿಗೆ ಖಾಲಿ ಬಿತ್ತು. ಸುಸ್ತಾಗಿ ಬುದ್ಧಿ ಮಂಕಾದ ಹೆಂಗಸಿನ ಬಾಯಿಂದಲೇ ತಪ್ಪು ಒಪ್ಪಿಸಿದ ನನಗೆ ಬಡ್ತಿ ಸಿಕ್ಕಿತು. ಥೂ!

ಹೋದ ಶನಿವಾರ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಆಲ್ಕೊಳದಲ್ಲಿರುವ ಕಂಪನಿಯ ಆಫೀಸಿನಲ್ಲಿ ಕೊಟ್ಟೆ. ಅದರ ಒಂದು ಪ್ರತಿಯನ್ನು ಭದ್ರಾವತಿಗೆ ಒಯ್ದೆ. ಗೌರಮ್ಮಕ್ಕ ಬಾಗಿಲಲ್ಲೇ ನಿಂತು ಎರಡು ಸಲ ಓದಿದರು.

"ಎತ್ತಬೇಕು ಅಂತ ನಾನು ಹೇಳಿದ್ದೆ. ಅಲ್ವಾ?"

"ಹೇಳಿದ್ರಿ ಅಕ್ಕ."

"ಮೂರು ವರ್ಷ ಕಣ್ರೀ... ಒಲೆ ಆರಿಸಿದ್ನಾ, ಬಾಗಿಲು ಹಾಕಿದ್ನಾ ಅಂತ ರಾತ್ರಿಯೆಲ್ಲ ಎದ್ದೆದ್ದು ನೋಡ್ತಿದೀನಿ. ನನ್ನ ತಲೆನೇ ನಾನು ನಂಬ್ತಿರಲಿಲ್ಲ."

ಕೋಳಿಗಳು ಸತ್ತದ್ದಷ್ಟೇ ನನ್ನ ತಪ್ಪು ಎಂದುಕೊಂಡಿದ್ದೆ. ಇವರ ಒಳಗೆ ಏನನ್ನು ಕೊಂದಿದ್ದೆ ಎಂಬುದು ಅಲ್ಲಿ ನಿಂತಾಗ ಗೊತ್ತಾಯಿತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಬಾಗಿಲು ಹಾಕಿಕೊಂಡರು.

ಕಾಗದ ವಾಪಸ್ ತಗೊಳ್ಳಿ ಎಂದು ಆಫೀಸಿನಿಂದ ಮೇಲಿಂದ ಮೇಲೆ ಫೋನ್. ಮರುದಿನ, ಭಾನುವಾರ ಬೆಳಿಗ್ಗೆ ಬಂದದ್ದು ಮಾತ್ರ ಗೌರಮ್ಮಕ್ಕನ ಫೋನ್.

"ನಿನ್ನೆ ರಾತ್ರಿ ಮಲಗಿದೋಳು ಬೆಳಗಾಗೋ ತನಕ ನಿದ್ದೆ ಮಾಡಿದೆ. ಒಂದ್ಸಲಾನೂ ಏಳಲಿಲ್ಲ. ಅದನ್ನ ಹೇಳೋಣ ಅಂತ ಮಾಡಿದೆ. ಇನ್ನು ಈ ಕಡೆ ಬರಬೇಡಿ."

ಹೋಗುವುದಿಲ್ಲ. ಕಾಗದ ವಾಪಸ್ ತಗೊಳ್ಳುವುದೂ ಇಲ್ಲ.