ಕರಿಯನ ಎರಡು ಫೋಟೊ

ಕಳೆದ ಭಾನುವಾರ ಬೀರು ಖಾಲಿ ಮಾಡುವಾಗ ಅಜ್ಜಿಯ ಸೀರೆಗಳ ಅಡಿಯಿಂದ ಒಂದು ಹಳದಿ ಲಕೋಟೆ ಜಾರಿ ಬಿತ್ತು. ಕೋಣೆಯಲ್ಲಿದ್ದದ್ದು ನಾನು, ನನ್ನ ಮಗಳು, ಮಂಚದ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ ಅಜ್ಜಿ. ಲಕೋಟೆಯೊಳಗೆ ನಾಯಿಯ ಎರಡು ಫೋಟೊ. ಮಲಗಿದ ಜಾಗ, ನಿಮಿರಿದ ಕಿವಿ ಎಲ್ಲ ಒಂದೇ; ಆದರೆ ಒಂದರಲ್ಲಿ ನಾಯಿ ಬೂದಿ ಬಣ್ಣ, ಇನ್ನೊಂದರಲ್ಲಿ ಕಡುಗಪ್ಪು.

"ಅಪ್ಪಾ, ಇವು ಅವಳಿ ಜವಳಿನಾ?" ಎಂದಳು ಮಗಳು. ನಕ್ಕ ರಭಸಕ್ಕೆ ಅಜ್ಜಿಗೆ ಎಲೆಯಡಿಕೆ ನೆತ್ತಿಗೇರಿತು. ನನಗೆ ಕೊಣನೂರಿನ ಸ್ಟುಡಿಯೋ ಅಣ್ಣ ನೆನಪಾದರು...

ಆಗ ನಮ್ಮ ಕರಿಯನಿಗೆ ಹದಿನಾಲ್ಕು ವರ್ಷ. ಹಿಂಗಾಲು ಸೋತಿದ್ದವು, ಊಟ ಬಿಟ್ಟಿದ್ದ. ದನದ ಡಾಕ್ಟರು ನೋಡಿ, ಇನ್ನು ಹೆಚ್ಚು ದಿನ ಇಲ್ಲ ಎಂದಿದ್ದರು. ಅಜ್ಜಿಗೆ ಅವನದೊಂದು ಫೋಟೊ ಬೇಕಿತ್ತು, ಅದೂ ಅವನು ಇರುವಾಗಲೇ. ನಾನು ಮೊಬೈಲಿನಲ್ಲಿ ಹತ್ತಾರು ತೆಗೆದೆ. ಅಜ್ಜಿ ನೋಡಿ, "ಇದೇನ್ಲಾ, ಇದ್ಲು ಮೂಟೆಗೆ ಎಲ್ಡು ಗುಂಡಿ ಒಲ್ದಂಗೈತೆ," ಎಂದಳು.

ಸ್ಟುಡಿಯೋ ಅಣ್ಣನಿಗೆ ಫೋನು ಮಾಡಿದೆ. ಮದುವೆ, ನಾಮಕರಣ ಬಿಟ್ಟರೆ ಅವರ ಕೆಲಸವೆಲ್ಲ ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿಯರ ಫೋಟೊ. ತಾಯಂದಿರು ಮಗಳನ್ನು ಕರೆತಂದು "ಒಂಚೂರು ಬೆಳ್ಳಗೆ ಮಾಡಪ್ಪ" ಎನ್ನುವರು. ಇವರು ಕಂಪ್ಯೂಟರಿನಲ್ಲಿ ಮಾಡಿಕೊಡುವರು. ನಾಯಿ ಫೋಟೊ ಅಂದರೆ ನಗುತ್ತಾರೇನೋ ಎಂದುಕೊಂಡಿದ್ದೆ. ಮಧ್ಯಾಹ್ನದೊಳಗೆ ಸ್ಕೂಟರಿನಲ್ಲಿ ಬಂದೇಬಿಟ್ಟರು.

ಬಿಸಿಲಲ್ಲಿ ಮಲಗಿದ್ದ ಕರಿಯನನ್ನು ಗೋಣಿಚೀಲದ ಸಮೇತ ಎಳೆದು ಹುಣಸೆಮರದ ನೆರಳಿಗೆ ತಂದರು. "ಕಪ್ಪು ನಾಯಿಗೆ ಬಿಸಿಲು ಆಗಲ್ಲ ಕಣಪ್ಪ, ರೋಮ ಕಾಣಲ್ಲ," ಎನ್ನುತ್ತ ಇಸ್ತ್ರಿ ಶರ್ಟಿನಲ್ಲೇ ಅಂಗಳದಲ್ಲಿ ಬೋರಲು ಮಲಗಿದರು. ಕ್ಯಾಮೆರಾ ನಾಯಿಯ ಕಣ್ಣಿನ ಮಟ್ಟಕ್ಕೆ ಬಂತು. ಸಿಳ್ಳೆ ಹಾಕಿದರು, ಬಿಸ್ಕತ್ತಿನ ಕವರು ಅಲ್ಲಾಡಿಸಿದರು. ಕಿವುಡ ಕರಿಯ ಅಲುಗಲಿಲ್ಲ. ಕೊನೆಗೆ, "ಅವ್ವಾ, ನೀವು ನನ್ ಬೆನ್ನ ಹಿಂದೆ ಬನ್ನಿ," ಎಂದರು. ಅಜ್ಜಿ ಬಂದು ನಿಂತಳು. ಕರಿಯ ತಲೆ ಎತ್ತಿದ, ಎರಡೂ ಕಿವಿ ನಿಮಿರಿದವು...

ಮಾರನೆಯ ದಿನ ಫೋಟೊ ತಂದುಕೊಟ್ಟು, ಅಜ್ಜಿಯ ಮುಖವನ್ನೇ ನೋಡುತ್ತ ನಿಂತರು.

"ಇದ್ಯಾರ ಮನೆ ನಾಯಪ್ಪಾ?"

"ನಿಮ್ ಕರಿಯನೇ ಅಲ್ವೇನವ್ವಾ!"

"ನಮ್ ಕರಿಯ ಎಲ್ಲೋದ? ಇವುನ್ನೇನು ಗಂಡಿನ ಮನೇರು ನೋಡಾಕ್ ಬತ್ತಾವ್ರಾ, ಇಂಗೆ ಸುಣ್ಣ ಬಳ್ದಿದ್ದೀಯಾ?"

ಅಣ್ಣ ಒಂದು ಗಳಿಗೆ ಪೆಚ್ಚಾದರು. ಆಮೇಲೆ ಜಗಲಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೈ ರೂಢಿ ಕಣವ್ವಾ. ಕಪ್ಪು ಕಂಡ್ರೆ ಮೌಸು ತಾನಾಗೇ ಓಡ್ತದೆ."

ಅಜ್ಜಿ ನಗಲಿಲ್ಲ. ಕರಿಯ ಆ ಬೆಳಿಗ್ಗೆ ನೀರನ್ನೂ ಮುಟ್ಟಿರಲಿಲ್ಲ. ಅವನತ್ತ ನೋಡಿ ಅಣ್ಣ ಜಗಲಿಯಿಂದ ಎದ್ದರು. "ಈಗ್ಲೇ ಸರಿ ಮಾಡ್ತೀನಿ, ನೀವೂ ಬನ್ನಿ," ಎಂದರು.

ಅಜ್ಜಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸ್ಟುಡಿಯೋಗೆ ಹೋದೆ. ಕಂಪ್ಯೂಟರಿನ ಪಕ್ಕ ಸ್ಟೂಲು ಹಾಕಿ ಕೂರಿಸಿದರು. ಕಪ್ಪನ್ನು ಕಪ್ಪಾಗಿಯೇ ಬಿಟ್ಟು, ಕತ್ತಲಾಗಿದ್ದ ಕಡೆಗಳಲ್ಲಿ ಮಾತ್ರ ಕೂದಲೆಳೆಯಷ್ಟು ಬೆಳಕು ತಂದರು. ರೋಮ ಎದ್ದು ಕಂಡವು. ಕಣ್ಣಿಗೆ ಜೀವ ಬಂತು. ಹಿಂದಿದ್ದ ಬಟ್ಟೆ ಹಗ್ಗ ಮಾಯವಾಯಿತು.

"ಮೂತಿ ಸುತ್ತ ನರೆ ಐತಲ್ಲಾ, ತೆಗೀಲಾ?"

"ಬ್ಯಾಡ. ಅವ್ನೂ ನಾನೂ ಒಟ್ಗೇ ನರ್ತಿದ್ದು."

ಆ ಬಿಳಿ ಕೂದಲಿಗೆ ಅವರು ಮೌಸು ತಾಕಿಸಲಿಲ್ಲ. ಪ್ರಿಂಟು ಬಂದಾಗ ಅಜ್ಜಿ ಅದರ ಹಣೆ ಸವರಿ, "ಊಂ, ಇವ್ನೇ," ಎಂದಳು. ಅದಾದ ನಾಲ್ಕನೆಯ ದಿನ ಕರಿಯ ಹೋದ.

ಅಣ್ಣ ಈ ಕಥೆಯನ್ನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದರು. ಬೆಳ್ಳಗೆ ಮಾಡುವುದನ್ನು ಬಿಟ್ಟೇಬಿಟ್ಟರು ಎಂದರೆ ಸುಳ್ಳಾದೀತು, ಹೊಟ್ಟೆಪಾಡು. ಆದರೆ ಮಾಡುವ ಮುಂಚೆ ಹುಡುಗಿಯನ್ನೇ ಕೇಳುತ್ತಿದ್ದರಂತೆ, ತಾಯಿಯನ್ನಲ್ಲ...

ಹೋದ ವರ್ಷ ಅವರು ತೀರಿಕೊಂಡರು. ಕೊಣನೂರಿಗೆ ಹೋದಾಗ ಈಗಲೂ ಕಾಲು ಆ ಸ್ಟುಡಿಯೋ ಕಡೆಗೇ ತಿರುಗುತ್ತದೆ. ಒಳಗೆ ಅವರ ಮಗಳು ಕೂತಿರುತ್ತಾಳೆ.

ಅಣ್ಣ ತೀರಿಕೊಂಡ ಮೂರನೆಯ ದಿನ ಅವಳು ನಮ್ಮ ಮನೆಗೆ ಬಂದಿದ್ದಳು. ಶಿವಗಣಾರಾಧನೆಯ ಕಾರ್ಡಿಗೆ ಅಪ್ಪನ ಫೋಟೊವನ್ನು ತಾನೇ ಎಡಿಟ್ ಮಾಡಿದ್ದಳು, ಇನ್ನೂ ಪ್ರಿಂಟಿಗೆ ಕೊಟ್ಟಿರಲಿಲ್ಲ. "ಅಜ್ಜಿ, ಅಪ್ಪನ ಥರಾನೇ ಐತಾ ನೋಡಿ," ಎಂದು ಮೊಬೈಲು ಚಾಚಿದಳು.

ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಐತೆ ಕಣವ್ವಾ," ಎಂದಳು. ಕಾರ್ಡು ಅವತ್ತೇ ಪ್ರಿಂಟಿಗೆ ಹೋಯಿತು.