ಸೂಲಗಿತ್ತಿ ಒಪ್ಪದ ಸ್ಲೈಡು

೧೯೪೬ರಲ್ಲಿ ನಾನು ಶಿರಾದ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗದ ವೈದ್ಯೆಯಾಗಿದ್ದೆ. ಅದಕ್ಕೆ ಮೊದಲು ಆರು ತಿಂಗಳು ಮದರಾಸಿನಲ್ಲಿದ್ದು, ನಮ್ಮ ಕಡೆ ಆಗಷ್ಟೇ ಹೆಸರು ಕೇಳಿಬರುತ್ತಿದ್ದ ಒಂದು ಪರೀಕ್ಷೆ ಕಲಿತು ಬಂದಿದ್ದೆ. ಯೋನಿಯೊಳಗಿನ ದ್ರವವನ್ನು ಗಾಜಿನ ನಳಿಕೆಯಿಂದ ಹೀರಿ, ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಉದುರಿಬಂದ ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಇದಕ್ಕೆ ಸ್ಮಿಯರ್ ಎನ್ನುತ್ತಿದ್ದೆವು. ಕತ್ತರಿ ಬೇಡ, ಪ್ರಜ್ಞೆ ತಪ್ಪಿಸುವ ಈಥರ್ ಬೇಡ, ನೋವಿಲ್ಲ. ಶಿರಾಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಸ್ಲೈಡುಗಳೇ ಹೆಚ್ಚಿದ್ದವು.

ದೀಪಾವಳಿ ಕಳೆದ ವಾರ ಗೌಡಗೆರೆಯ ಸೂಲಗಿತ್ತಿ ಸಣ್ಣೀರಮ್ಮ ಬಂದರು. ಕಷ್ಟದ ಹೆರಿಗೆಗಳನ್ನು ಎತ್ತಿನ ಗಾಡಿಯಲ್ಲಿ ಕರೆತರುತ್ತಿದ್ದುದರಿಂದ ನನಗೆ ಚೆನ್ನಾಗಿ ಗೊತ್ತಿದ್ದವರು. ವಯಸ್ಸು ಐವತ್ತೈದರ ಸುಮಾರು. ಅವತ್ತು ಮಾತ್ರ ಒಬ್ಬರೇ ಬಂದಿದ್ದರು. ಕೋಣೆಯ ಬಾಗಿಲು ಹಾಕಿ ಕೂತರು.

"ಮುಟ್ಟು ನಿಂತು ಆರು ವರ್ಸ ಆತು ಡಾಕ್ಟ್ರಮ್ಮ. ಈಗ ಮತ್ತೆ ಕಾಣಿಸ್ಕಂಡೈತೆ. ಜಾಸ್ತಿ ಏನಿಲ್ಲ, ಚೂರು ಕಲೆ."

ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮೊದಲು ಗರ್ಭಕೋಶದ ಕ್ಯಾನ್ಸರನ್ನು ಅನುಮಾನಿಸಬೇಕು. ಹಳೆಯ ದಾರಿ ಕ್ಯೂರೆಟೇಜ್: ಈಥರ್ ಕೊಟ್ಟು, ಗರ್ಭಕೋಶದ ಒಳಪದರವನ್ನು ಸಣ್ಣ ಚಮಚದಂಥ ಸಲಕರಣೆಯಿಂದ ಕೆರೆದು, ಆ ತುಣುಕನ್ನು ಬಯಾಪ್ಸಿಗೆಂದು ಬೆಂಗಳೂರಿಗೆ ಕಳಿಸುವುದು. ನಾನು ಹೊಸ ದಾರಿ ಹಿಡಿದೆ. ಅವರನ್ನು ಎರಡು ದಿನ ಉಳಿಸಿಕೊಂಡು ನಾಲ್ಕು ಸ್ಲೈಡು ನೋಡಿದೆ. ಕೆಟ್ಟ ಕೋಶ ಒಂದೂ ಕಾಣಲಿಲ್ಲ. 'ಕ್ಯಾನ್ಸರ್ ಇಲ್ಲ' ಎಂದು ಚೀಟಿಯಲ್ಲಿ ಬರೆದು, ಟಾನಿಕ್ ಕೊಟ್ಟು ಕಳಿಸಿದೆ. ಈಥರಿನ ಅಪಾಯ ತಪ್ಪಿಸಿದೆನೆಂಬ ಹೆಮ್ಮೆ ಬೇರೆ.

ಮೂರು ವಾರಕ್ಕೆ ಮತ್ತೆ ಬಂದರು. ರಕ್ತ ಹೆಚ್ಚಾಗಿರಲಿಲ್ಲ, ನಿಂತೂ ಇರಲಿಲ್ಲ. ನೀವೇ ನೋಡಿ ಎಂದು ಮೊದಲಿನ ಸ್ಲೈಡೊಂದನ್ನು ಇಟ್ಟು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನೋಡಿದರು.

"ಇದು ಎಲ್ಲಿಂದ ತಗದಿದ್ದು?"

"ಕೆಳಗಿನಿಂದ. ಗರ್ಭಕೋಶದಿಂದ ಉದುರಿದ್ದು ಅಲ್ಲಿಗೆ ಬಂದು ಸೇರುತ್ತೆ."

"ಉದುರ್ದೇ ಇದ್ರೆ?"

ಅವರೇ ಮುಂದುವರಿಸಿದರು.

"ನಮ್ಮ ದೊಡ್ಡಮ್ಮಂಗೂ ಇಂಗೇ ಚೂರು ಚೂರು ಕಾಣಿಸ್ಕಂಡು, ಎರಡೇ ವರ್ಸಕ್ಕೆ ಹೋಗ್ಬುಟ್ಲು. ನೀವು ಬಾಗ್ಲಾಗೆ ಬಿದ್ದ ಕಸ ನೋಡೀರಿ, ಒಳ್ಗೆ ಹೋಗಿ ನೋಡಿಲ್ಲ ಕಣಮ್ಮ. ಕೆರೆದು ನೋಡ್ಬುಡಿ. ನಂಗೇನು ಎದ್ರಿಕೆ ಇಲ್ಲ."

ಸಿಟ್ಟು ಬಂತು, ನಿಜ. ಆದರೂ ಮಧ್ಯಾಹ್ನ ಮದರಾಸಿನ ಟಿಪ್ಪಣಿ ಪುಸ್ತಕ ತೆರೆದೆ. ಸ್ಮಿಯರ್ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಒಳ್ಳೆಯದು, ಮೇಲೆ ಒಳಗಡೆ ಹುಟ್ಟುವ ಕ್ಯಾನ್ಸರ್ ತಪ್ಪಿಸಿಕೊಳ್ಳಬಹುದು ಎಂದು ನನ್ನದೇ ಅಕ್ಷರದಲ್ಲಿತ್ತು. ಕೆಳಗೆ ಗೆರೆ ಎಳೆದವಳೂ ನಾನೇ.

ಮರುದಿನ ಬೆಳಿಗ್ಗೆ ಕ್ಯೂರೆಟೇಜ್ ಮಾಡಿದೆ. ಆ ವಯಸ್ಸಿನಲ್ಲಿ ಒಳಪದರ ತೆಳ್ಳಗಿರುತ್ತದೆ, ಕೆರೆದರೆ ಹೆಚ್ಚೇನೂ ಸಿಕ್ಕುವುದಿಲ್ಲ. ಇವರಲ್ಲಿ ಬಿಳಿಚಿದ, ಪುಡಿಪುಡಿಯಾದ ಮಾಂಸ ಚಮಚ ತುಂಬ ಬಂತು. ಕೆಡದಂತೆ ಫಾರ್ಮಲಿನ್ ಬಾಟಲಿಗೆ ಹಾಕಿ ಅಂದೇ ಬೆಂಗಳೂರಿಗೆ ಕಳಿಸಿದೆ. ಹನ್ನೊಂದನೆಯ ದಿನ ಕಾಗದ ಬಂತು: ಗರ್ಭಕೋಶದ ಒಳಪದರದ ಕ್ಯಾನ್ಸರ್.

ರಜೆ ಹಾಕಿ ಬೆಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಹಿಂದಿನ ಚೀಟಿಯನ್ನು ತೋರಿಸಿ ನನ್ನ ತಪ್ಪನ್ನು ಅಲ್ಲಿನ ಸರ್ಜನ್‌ಗೆ ಹೇಳಿದೆ. ಅವರು ಚೀಟಿ ಓದಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದರು. ಒಂದು ವಾರದ ಮೇಲೆ ಅದರ ವರದಿ ಬಂತು. ರೋಗ ಗರ್ಭಕೋಶದ ಗೋಡೆಯೊಳಕ್ಕೆ ಇಳಿದಿರಲಿಲ್ಲ. ಓದಿದವಳೇ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಸಣ್ಣೀರಮ್ಮನಿಗೆ ವಿವರಿಸಿ ಹೇಳಿದೆ.

"ಬೇರು ಇಳ್ದಿಲ್ಲ ಅನ್ನಿ," ಎಂದರು. "ಅಂಗಾರೆ ಸಂಕ್ರಾಂತಿಗೆ ಊರಿಗೋಗ್ಬೋದಾ? ಮೂರು ಹೆರಿಗೆ ಅವೆ."

"ಹೋಗಬಹುದು. ಆದರೆ ಭಾರ ಎತ್ತಬೇಡಿ."

"ಮಗು ಭಾರನಾ?" ಎಂದು ನಕ್ಕು, ಹೊಲಿಗೆ ನೋವಿಗೆ ಹೊಟ್ಟೆ ಹಿಡಿದುಕೊಂಡರು.

ನಾನು ಶಿರಾದಲ್ಲಿದ್ದಷ್ಟು ವರ್ಷವೂ ಅವರು ಗಾಡಿಯಲ್ಲಿ ಬಸುರಿಯರನ್ನು ಕರೆತಂದರು. ರೋಗ ಮರುಕಳಿಸಲಿಲ್ಲ.

ಸ್ಮಿಯರನ್ನು ನಾನು ಬಿಡಲಿಲ್ಲ. ಪಾವಗಡದ ಕಡೆಯ ಒಬ್ಬ ಹೆಂಗಸಿನ ಕೊರಳಿನ ಕ್ಯಾನ್ಸರನ್ನು ತೀರ ಎಳೆಯದಾಗಿರುವಾಗಲೇ ಅದು ಹಿಡಿದುಕೊಟ್ಟಿತು. ಆದರೆ ರಕ್ತ ಕಂಡವರ ಸ್ಲೈಡು ಎಷ್ಟೇ ಶುದ್ಧವಾಗಿದ್ದರೂ 'ಇಲ್ಲ' ಎಂದು ಬರೆಯುವುದನ್ನು ಬಿಟ್ಟೆ. 'ಕಾಣಲಿಲ್ಲ' ಎಂದು ಬರೆದು, ಕೆಳಗೆ ಕ್ಯೂರೆಟೇಜಿನ ದಿನ ಹಾಕುತ್ತಿದ್ದೆ. ಆ ನಾಲ್ಕು ಸ್ಲೈಡುಗಳು ಸುಳ್ಳು ಹೇಳಿರಲಿಲ್ಲ. ಅವು ಹೇಳದ ಮಾತನ್ನು ಸೇರಿಸಿದವಳು ನಾನು.