ಕರಿ ಸ್ಪಂಜು ಮುಳುಗಿರಲಿಲ್ಲ

ಸುವರ್ಣಾ ಮೇಡಂ, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ. ಸ್ಪಂಜು ಮುಳುಗಿರಲಿಲ್ಲ. ಮೂರರಲ್ಲಿ ಒಂದು ಪಾಲು ಮೇಲೇ ಇತ್ತು. ನಿಮ್ಮ ಲೆಕ್ಕ ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ನನ್ನಿಂದ.

ಇಷ್ಟು ಬರೆಯುವುದರೊಳಗೆ ಮೂರು ಹಾಳೆ ಹರಿದೆ. ನಗಬೇಡಿ. ನಾನು ಮೊದಲಿಂದಲೂ ಪುಕ್ಕಲು. ಲ್ಯಾಬಿನಲ್ಲಿ ಬ್ಯಾಟರಿ ಆಸಿಡ್ ಎತ್ತುವಾಗ ಮುಖ ಆಚೆ ತಿರುಗಿಸುತ್ತಿದ್ದ ಅಟೆಂಡರ್. ಶಹಾಬಾದದ ಆ ಸಣ್ಣ ಕಾಲೇಜಿನಲ್ಲಿ ಎಲ್ಲರಿಗೂ ನಾನು ಅಂಬ್ಯಾ. ಫಿಜಿಕ್ಸ್ ಕಲಿಸುತ್ತಿದ್ದ ನೀವೊಬ್ಬರೇ ಅಂಬಣ್ಣ ಎಂದವರು.

ನಿಮಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ. ನಡುವೆ ಬಿಟ್ಟರೆ ಅಲ್ಲೇ ನುಣುಚಿಕೊಳ್ಳುತ್ತೇನೆ, ನನ್ನ ಗುಣ ನನಗೆ ಗೊತ್ತು. ನೀವೇ ತಗಡು ಕತ್ತರಿಸಿ, ನೀವೇ ಬೆಸುಗೆ ಹಾಕಿ, ದೊಡ್ಡ ಕಹಳೆಯಂಥ ಆಂಟೆನಾ ಮಾಡಿದಿರಿ. ಅದನ್ನು ಆಕಾಶಕ್ಕೆ ಹಿಡಿದರೆ ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುವ ಒಂದು ಸಣ್ಣ ವಿಕಿರಣ ಸಿಗುತ್ತದೆ ಎಂದಿರಿ. "ಜಗತ್ತು ಹುಟ್ಟಿದಾಗಿನ ಕಾವು ಅಂಬಣ್ಣ, ಆರಿ ಆರಿ ಈಗ ಇಷ್ಟ ಉಳದದ." ಯಾವುದಕ್ಕಿಂತ ತಣ್ಣಗೆ ಏನೂ ಇರಲಾರದೋ ಆ ನಿರಪೇಕ್ಷ ಸೊನ್ನೆಗಿಂತ ಮೂರು ಡಿಗ್ರಿಯೂ ಮೇಲಿಲ್ಲ. ಅಷ್ಟನ್ನು ಅಳೆಯಲು ಮೊದಲು ಆಂಟೆನಾಕ್ಕೆ ಗೊತ್ತಿರುವ ಒಂದು ಬಿಸಿ, ಗೊತ್ತಿರುವ ಒಂದು ತಂಪು ತೋರಿಸಬೇಕಿತ್ತು, ತಕ್ಕಡಿಗೆ ಕಲ್ಲು ಇಟ್ಟಂತೆ. ಬಿಸಿ ಎಂದರೆ ಅಂಗಳದ ಸೆಖೆಯಲ್ಲಿಟ್ಟ, ವಿಕಿರಣ ಹೀರುವ ಕರಿ ಸ್ಪಂಜು. ತಂಪು ಎಂದರೆ ಅದೇ ಸ್ಪಂಜು, ದ್ರವ ಸಾರಜನಕದಲ್ಲಿ ಪೂರಾ ಮುಳುಗಿದ್ದು.

ಆ ದ್ರವ ನಮ್ಮ ಕಡೆ ಎಲ್ಲಿ ಸಿಗಬೇಕು? ಸೇಡಂ ಕಡೆಯ ಒಂದು ದನದ ದವಾಖಾನೆಯಲ್ಲಿ ಹೋರಿಯ ವೀರ್ಯ ಕೆಡದಂತೆ ಇಡಲು ಅದನ್ನು ತುಂಬಿಟ್ಟಿರುತ್ತಾರೆ. ಡಾಕ್ಟರನ್ನು ಕಾಡಿ ಬೇಡಿ ಒಂದು ಕ್ಯಾನಿಗೆ ಒಪ್ಪಿಸಿದವರು ನೀವು, ತರಲು ಹೋದವನು ನಾನು. ಕೊಡುವಾಗ ಅಲ್ಲಿಯ ಕಂಪೌಂಡರ್ ನಗುತ್ತ ಅಂದ: "ಹುಷಾರ್ರಿ, ಕೈಮ್ಯಾಲ ಬಿದ್ರ ಬೆರಳು ಕಡ್ಡಿ ಮುರದಂಗ ಮುರೀತಾವ." ಅವನಿಗೆ ತಮಾಷೆ. ನನಗೆ ಚಿತ್ತಾಪುರ, ವಾಡಿ ದಾಟುವವರೆಗೂ ಟೆಂಪೋದಲ್ಲಿ ಜೀವ ಬಾಯಿಗೆ ಬಂದಿತ್ತು. ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಬರುತ್ತಲೇ ಇತ್ತು.

ನೀವು ಒಳಗೆ ಮೀಟರು ಜೋಡಿಸುತ್ತಿದ್ದಿರಿ. ಅಂಗಳದ ಫರಸಿ ಕಲ್ಲಿನ ಮೇಲೆ ಥರ್ಮಾಕೋಲ್ ಪೆಟ್ಟಿಗೆ, ಅದರೊಳಗೆ ಸ್ಪಂಜು. ಕ್ಯಾನು ಬಗ್ಗಿಸಿದೆ. ಹೊಗೆ ಒಮ್ಮೆಲೇ ಮುಖಕ್ಕೆ ನುಗ್ಗಿತು, ಕೈ ಬಿಟ್ಟೆ. ಚೆಲ್ಲಿದ್ದು ಫರಸಿಯ ಮೇಲೆ ಮಣಿಮಣಿಯಾಗಿ ಓಡಾಡಿ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮಾಯವಾಯಿತು. ಒದ್ದೆ ಕೂಡ ಉಳಿಯಲಿಲ್ಲ. ಉಳಿದಿದ್ದರೆ ನಾನು ಅಲ್ಲೇ... ಇಲ್ಲ. ಇದು ನೆವ. ಉಳಿದಿದ್ದರೂ ಒರೆಸುತ್ತಿದ್ದೆ.

ಕ್ಯಾನಿನಲ್ಲಿ ಉಳಿದದ್ದನ್ನು ಸುರಿದೆ, ಸ್ಪಂಜಿನ ತಲೆ ಮೇಲೇ ಉಳಿಯಿತು. ನೀವು ಹೊರಗೆ ಬರುವಷ್ಟರಲ್ಲಿ ಪೆಟ್ಟಿಗೆಯ ಬಾಯಿ ತುಂಬ ಹೊಗೆ, ಒಳಗೇನೂ ಕಾಣುತ್ತಿರಲಿಲ್ಲ.

"ಸ್ಪಂಜು ಪೂರಾ ಮುಳುಗ್ಯದೇನ್ ಅಂಬಣ್ಣ?"

"ಹೌದ್ರಿ ಮೇಡಂ. ಪೂರಾ ಮುಳುಗ್ಯದ್ರಿ."

ಇಷ್ಟೇ. ಇನ್ನೊಂದು ಕ್ಯಾನು ತಿಂಗಳವರೆಗೆ ಸಿಗುವುದಿಲ್ಲ, ನೀವು ಬೈಯುತ್ತೀರಿ ಎಂದು ಅಂಜಿದೆ. ನೀವು ಯಾರನ್ನೂ ಬೈದವರಲ್ಲ — ಅದೂ ಗೊತ್ತಿತ್ತು.

ತಂಪು ಅಂದುಕೊಂಡಷ್ಟು ತಂಪಾಗಿರಲಿಲ್ಲವಲ್ಲ, ಲೆಕ್ಕವೆಲ್ಲ ಕೆಳಕ್ಕೆ ಜಾರಿತು. ಆಕಾಶದ ಉಷ್ಣತೆ ಆ ನಿರಪೇಕ್ಷ ಸೊನ್ನೆಗಿಂತಲೂ ಒಂಬತ್ತು ಡಿಗ್ರಿ ಕೆಳಗೆ ಎಂದು ಬಂತು. ಇರಲಿಕ್ಕೇ ಸಾಧ್ಯವಿಲ್ಲದ ಅಂಕಿ. ಬೇರೆ ಯಾರಾದರೂ ಆಗಿದ್ದರೆ ಹಿಂದೆ ಮುಂದೆ ತಿದ್ದಿ ಮೂರು ಮಾಡುತ್ತಿದ್ದರು. ನೀವು ಬಂದದ್ದನ್ನೇ ಒಯ್ದು ವಿಜ್ಞಾನ ಕಲಿಸುವವರ ಸಭೆಯ ಮುಂದೆ ಇಟ್ಟಿರಿ. ಹಿರಿಯರೊಬ್ಬರು ಕೇಳಿದರು: "ನಿಮ್ಮ ಶಹಾಬಾದದಾಗ ಬ್ರಹ್ಮಾಂಡನೂ ಸೊನ್ನಿಕಿಂತ ಕೆಳಗ ಇಳೀತದೇನ್ರಿ?" ಸಭೆಯೆಲ್ಲ ಹೋ ಎಂದು ನಕ್ಕಿತು. ನೀವು ಮೆಲ್ಲಗೆ, "ತಪ್ಪು ಎಲ್ಲ್ಯದ ಗೊತ್ತಾಗಿಲ್ರಿ. ಬಂದದ್ದ ಬರದೀನಿ" ಅಂದಿರಿ. ತೋರಿಸಲು ಒಯ್ದಿದ್ದ ಆಂಟೆನಾದ ಇನ್ನೊಂದು ತುದಿ ಹಿಡಿದು ನಿಂತಿದ್ದ ನನಗೆ ತಪ್ಪು ಎಲ್ಲಿದೆ ಎಂದು ಗೊತ್ತಿತ್ತು. ನಾನೂ ಸಣ್ಣಗೆ ನಕ್ಕೆ, ಮೇಡಂ. ಎಲ್ಲರೂ ನಗುವಾಗ ನಗದಿದ್ದರೆ ಯಾರಾದರೂ ನನ್ನ ಮುಖ ನೋಡಿಯಾರು ಎಂಬ ಅಂಜಿಕೆ.

ಆಮೇಲೆ ತಿಂಗಳುಗಟ್ಟಲೆ ನೀವು ಬೆಸುಗೆ ಬಿಚ್ಚಿದಿರಿ, ತಂತಿ ಬದಲಿಸಿದಿರಿ, ನೆಲದ ಕಾವು ನುಸುಳಿತೇನೋ ಎಂದು ಸುತ್ತ ತಂತಿ ಜಾಲರಿ ಕಟ್ಟಿದಿರಿ. ಪೆಟ್ಟಿಗೆಯ ಹತ್ತಿರ ಮಾತ್ರ ಸುಳಿಯಲಿಲ್ಲ. "ಅದು ಅಂಬಣ್ಣ ನೋಡ್ಯಾರ, ಅದರಾಗ ತಪ್ಪಿಲ್ಲ," ಎಂದು ಕ್ಲಾಸಿನ ಹುಡುಗಿಯರಿಗೆ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದೆ. ಕೊನೆಗೆ ತಗಡು ಮೂಲೆಗೆ ಹೋಯಿತು. ಮುಂದೆ ನೀವು ಬೆಸುಗೆ ಕಡ್ಡಿ ಮುಟ್ಟಿದ್ದನ್ನು ನಾನು ಕಾಣಲಿಲ್ಲ; ಬರೀ ಬೋರ್ಡಿನ ಮೇಲಿನ ಪಾಠ. ನನ್ನ ಮಗಳ ಮದುವೆಗೆ ಬಂದಿರಿ, ಊಟ ಮಾಡಿ ಹೋದಿರಿ. ಆಗಲೂ ಹೇಳಲಿಲ್ಲ.

ನಿನ್ನೆ ನಿಮ್ಮ ಪುಸ್ತಕದ ಪ್ರೂಫ್ ಬಂತು, ಶಾಲೆಯ ಮಕ್ಕಳು ತಾವೇ ಆಂಟೆನಾ ಮಾಡಿ ಆ ಆದಿಯ ಕಾವು ಅಳೆಯಲಿ ಎಂದು ಬರೆದದ್ದು. "ಸೋಮವಾರ ಅಚ್ಚಿಗಿ ಹೋಗ್ತದ, ಒಮ್ಮಿ ಓದಿಬಿಡ್ರಿ ಅಂಬಣ್ಣ," ಅಂದಿರಿ ಫೋನಿನಲ್ಲಿ. ಓದಿದೆ. 'ನನ್ನ ಬೆಸುಗೆಯೇ ಕೆಟ್ಟದಿತ್ತು, ಆ ಕೆಲಸ ನನ್ನ ಕೈಗೆ ಒಲಿಯಲಿಲ್ಲ' ಎಂದು ಬರೆದಿದ್ದೀರಿ. ಕೊನೆಯ ಪುಟದಲ್ಲಿ ನನಗೆ ಕೃತಜ್ಞತೆ. ನೌಕರಿ ಮುಗಿದವನು, ನನ್ನಿಂದ ಯಾರೂ ಏನನ್ನೂ ಕಸಿಯಲಾರರು. ಆದರೂ ಅಂಜಿಕೆ. ನೀವು ಬೈದರೆ ತಡೆದುಕೊಂಡೇನು. ನೀವು ನಿಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರೆ — ಅದನ್ನು ಹೇಗೆ ನೋಡಲಿ?

ಬೆಸುಗೆಯ ಆ ಸಾಲಿಗೆ ಕೆಂಪು ಗೀಟು ಎಳೆದಿದ್ದೇನೆ. ಕೊನೆಯ ಪುಟದ ನನ್ನ ಹೆಸರಿಗೂ. ಹೆಸರು ತೆಗೆದುಹಾಕಿ ಎನ್ನುವುದಿಲ್ಲ. ಅದನ್ನು ಬೆಸುಗೆಯ ಆ ಸಾಲಿದ್ದ ಜಾಗಕ್ಕೆ ಹಾಕಿರಿ, ತಪ್ಪು ಯಾರದೆಂದು ಮಕ್ಕಳು ಓದಲಿ.

ಪೋಸ್ಟಿಗೆ ಹಾಕಿದರೆ ತಲುಪಲಿಲ್ಲವೇನೋ ಎಂದುಕೊಳ್ಳಲು ನನಗೆ ಜಾಗ ಉಳಿಯುತ್ತದೆ. ಅದಕ್ಕೇ ಇದನ್ನು ನಿಮ್ಮ ಮನೆಗೆ ಬಂದು ಕೈಗೇ ಕೊಟ್ಟಿದ್ದೇನೆ. ನೀವು ಇದನ್ನು ಓದುತ್ತಿರುವಾಗ ನಾನು ನಿಮ್ಮ ಎದುರಿಗೇ ಕೂತಿದ್ದೇನೆ, ಮೇಡಂ. ಅಂಜಿಕೆ ಹೋಗಿಲ್ಲ. ಎದ್ದು ಹೋಗುವುದಿಲ್ಲ. ಕೇಳುವುದನ್ನೆಲ್ಲ ಕೇಳಿರಿ.